ಧ್ವನಿಪೆಟ್ಟಿಗೆಯ ಅಂತರ್ದರ್ಶನ ಪರೀಕ್ಷೆ

ಧ್ವನಿಪೆಟ್ಟಿಗೆಯ ಅಂತರ್ದರ್ಶನ ಪರೀಕ್ಷೆ ಅಥವಾ ಲ್ಯಾರಿಂಗೋಸ್ಕೋಪಿ ಎಂಬುದು ಗಂಟಲು ಮತ್ತು ಧ್ವನಿಪೆಟ್ಟಿಗೆಯ ಒಳಭಾಗವನ್ನು ಕನ್ನಡಿ ಅಥವಾ ಬೆಳಕು ಹೊತ್ತ ನಳಿಕೆಯ ಸಹಾಯದಿಂದ ನೇರವಾಗಿ ನೋಡುವ ವೈದ್ಯಕೀಯ ವಿಧಾನವಾಗಿದೆ. ಗಂಟು, ಹುಣ್ಣು, ಬಿಳಿ ಮಚ್ಚೆ ಮತ್ತು ಕ್ಯಾನ್ಸರ್ ಗಡ್ಡೆಗಳನ್ನು ಆರಂಭದಲ್ಲಿಯೇ ಗುರುತಿಸುವುದು ಇದರ ಮುಖ್ಯ ಉದ್ದೇಶ. ಧ್ವನಿತಂತುಗಳ ಕ್ಯಾನ್ಸರ್ ಮೊದಲ ಹಂತದಲ್ಲಿ ಪತ್ತೆಯಾದರೆ ಲೇಸರ್ ಶಸ್ತ್ರಚಿಕಿತ್ಸೆ ಅಥವಾ ವಿಕಿರಣ ಚಿಕಿತ್ಸೆಯಿಂದ ಗುಣವಾಗುವ ಸಾಧ್ಯತೆ ಹೆಚ್ಚು. ರೋಗಿಯ ಧ್ವನಿಯೂ ಬಹುಮಟ್ಟಿಗೆ ಉಳಿಯುತ್ತದೆ. ತಡವಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗಬಹುದು.

ಪರೀಕ್ಷೆಯ ಅಗತ್ಯ

ಶೀತದಿಂದಲೋ ಅತಿಯಾಗಿ ಕೂಗಿದ್ದರಿಂದಲೋ ಕಟ್ಟಿದ ಧ್ವನಿ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ಮೂರು ವಾರ ಕಳೆದರೂ ಧ್ವನಿ ಒಡೆದೇ ಇದ್ದರೆ, ನುಂಗುವಾಗ ನೋವಾದರೆ, ಕಫದಲ್ಲಿ ರಕ್ತ ಕಂಡರೆ ಅಥವಾ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡರೆ ಪರೀಕ್ಷೆ ಅವಶ್ಯಕ. ಬೀಡಿ, ಸಿಗರೇಟು ಸೇದುವವರಲ್ಲಿ ಅಪಾಯ ಹೆಚ್ಚು; ಮದ್ಯಪಾನವೂ ಸೇರಿದರೆ ಅದು ಮತ್ತಷ್ಟು ಹೆಚ್ಚುತ್ತದೆ. ಧ್ವನಿ ಕಟ್ಟಿದವರೆಲ್ಲರಿಗೂ ಕ್ಯಾನ್ಸರ್ ಇರುವುದಿಲ್ಲ. ಶಿಕ್ಷಕರು, ಗಾಯಕರು ಮೊದಲಾದ ಧ್ವನಿಯನ್ನೇ ನೆಚ್ಚಿದವರಲ್ಲಿ ಕಾಣುವ ಧ್ವನಿತಂತುಗಳ ಗಂಟುಗಳು ನಿರುಪದ್ರವಿಗಳು. ಆದರೆ ಈ ಎರಡರ ವ್ಯತ್ಯಾಸ ಕಿವಿಗೆ ತಿಳಿಯುವುದಿಲ್ಲ; ಒಳಗೆ ನೋಡಿಯೇ ತಿಳಿಯಬೇಕು.

ಇತಿಹಾಸ

ಲಂಡನ್ನಿನಲ್ಲಿ ನೆಲೆಸಿದ್ದ ಸ್ಪೇನ್ ಮೂಲದ ಸಂಗೀತ ಶಿಕ್ಷಕ ಮ್ಯಾನುಯೆಲ್ ಗಾರ್ಸಿಯಾ 1854ರಲ್ಲಿ ದಂತವೈದ್ಯರ ಕನ್ನಡಿ ಮತ್ತು ಸೂರ್ಯನ ಬೆಳಕನ್ನು ಬಳಸಿ, ಹಾಡುವಾಗ ತನ್ನ ಧ್ವನಿತಂತುಗಳು ಚಲಿಸುವುದನ್ನು ತಾನೇ ನೋಡಿದನು. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ಅದರ ವರದಿ ಸಲ್ಲಿಕೆಯಾಯಿತು. ಟ್ಯೂರ್ಕ್ ಮತ್ತು ಚೆರ್ಮಾಕ್ ಎಂಬ ವೈದ್ಯರು ಅನಂತರ ಈ ವಿಧಾನವನ್ನು ಚಿಕಿತ್ಸಾಲಯಕ್ಕೆ ತಂದರು. 1895ರಲ್ಲಿ ಜರ್ಮನಿಯ ಆಲ್ಫ್ರೆಡ್ ಕಿರ್ಸ್ಟೈನ್ ಕನ್ನಡಿಯಿಲ್ಲದೆ ನೇರವಾಗಿ ನೋಡುವ ಉಪಕರಣವನ್ನು ರೂಪಿಸಿದನು. 1968ರಲ್ಲಿ ಜಪಾನಿನ ಸವಾಶಿಮ ಮತ್ತು ಹಿರೋಸೆ ಬಾಗುವ ಗಾಜುತಂತು ನಳಿಕೆಯನ್ನು ಧ್ವನಿಪೆಟ್ಟಿಗೆಯ ಪರೀಕ್ಷೆಗೆ ಬಳಕೆಗೆ ತಂದರು.

ವಿಧಾನಗಳು

ಬಿಳಿ ಬೆಳಕಿನ ಪರೀಕ್ಷೆ: ಇದು ಮೂಲ ವಿಧಾನ. ಮರಗಟ್ಟಿಸುವ ಔಷಧವನ್ನು ಸಿಂಪಡಿಸಿ, ತೆಳುವಾದ ಬಾಗುವ ನಳಿಕೆಯನ್ನು ಮೂಗಿನ ಮೂಲಕ ಇಳಿಸಲಾಗುತ್ತದೆ. ಅಥವಾ ನಾಲಿಗೆಯನ್ನು ಮುಂದಕ್ಕೆ ಹಿಡಿದು ಬಾಯಿಯ ಮೂಲಕ ಗಟ್ಟಿ ನಳಿಕೆಯನ್ನು ಬಳಸಲಾಗುತ್ತದೆ. ಪರೀಕ್ಷೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಗಂಟಲು ಮರಗಟ್ಟಿರುವುದರಿಂದ ಸ್ಪರ್ಶ ಮರಳುವವರೆಗೆ ಆಹಾರ, ನೀರು ಸೇವಿಸಬಾರದು.

ಸ್ಟ್ರೋಬೋಸ್ಕೋಪಿ: ಮಾತನಾಡುವಾಗ ಧ್ವನಿತಂತುಗಳು ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ ಕಂಪಿಸುವುದರಿಂದ ಬರಿಗಣ್ಣಿಗೆ ಆ ಕಂಪನ ಕಾಣದು. ಕಂಪನದ ವೇಗಕ್ಕಿಂತ ತುಸು ಭಿನ್ನವಾದ ವೇಗದಲ್ಲಿ ಬೆಳಕನ್ನು ಮಿನುಗಿಸಿದಾಗ ಅದು ನಿಧಾನ ಚಲನೆಯಂತೆ ತೋರುತ್ತದೆ. ಲೋಳೆಪೊರೆಯ ಅಲೆ ಒಂದೆಡೆ ನಿಂತುಹೋಗಿದ್ದರೆ ಗಡ್ಡೆ ಆಳಕ್ಕೆ ಇಳಿದಿರುವ ಶಂಕೆ ಮೂಡುತ್ತದೆ. ಹಳೆಯ ಗಾಯದ ಕಲೆಯಿಂದಲೂ ಹೀಗಾಗಬಹುದು.

ಕಿರುಪಟ್ಟಿ ಬೆಳಕಿನ ಚಿತ್ರಣ: ಇದನ್ನು ನ್ಯಾರೋ ಬ್ಯಾಂಡ್ ಇಮೇಜಿಂಗ್ ಅಥವಾ ಎನ್‌ಬಿಐ ಎನ್ನುತ್ತಾರೆ. ಇದರಲ್ಲಿ ಸುಮಾರು 415 ನ್ಯಾನೋಮೀಟರಿನ ನೀಲಿ ಮತ್ತು 540 ನ್ಯಾನೋಮೀಟರಿನ ಹಸಿರು ಬೆಳಕನ್ನು ಮಾತ್ರ ಬಳಸಲಾಗುತ್ತದೆ. ರಕ್ತದ ಹಿಮೋಗ್ಲೋಬಿನ್ ಈ ಬೆಳಕನ್ನು ಹೀರುವುದರಿಂದ ಮೇಲ್ಪದರದ ಸೂಕ್ಷ್ಮ ರಕ್ತನಾಳಗಳು ಕಂದಾಗಿ ಎದ್ದು ಕಾಣುತ್ತವೆ. ಬೆಳೆಯುವ ಗಡ್ಡೆ ಹೊಸ ರಕ್ತನಾಳಗಳನ್ನು ಹುಟ್ಟಿಸುತ್ತದೆ. ಸಹಜ ಪೊರೆಯಲ್ಲಿ ಪೊರೆಗೆ ಸಮಾನಾಂತರವಾಗಿ ಹರಡುವ ನಾಳಗಳ ಬದಲು, ಚುಕ್ಕಿಗಳಂತೆಯೋ ತಿರುಚಿದ ಕುಣಿಕೆಗಳಂತೆಯೋ ಕಂಡರೆ ಅದು ಎಚ್ಚರಿಕೆಯ ಸೂಚನೆ. 2011ರಲ್ಲಿ ನೀ ಮತ್ತು ಸಂಗಡಿಗರು ಈ ವಿನ್ಯಾಸಗಳನ್ನು ಐದು ಬಗೆಗಳಾಗಿ ವಿಂಗಡಿಸಿದರು. ಐದನೆಯದು ಕ್ಯಾನ್ಸರನ್ನು ಸೂಚಿಸುತ್ತದೆ.

ಸ್ವಯಂದೀಪ್ತಿ ಚಿತ್ರಣ: ನೀಲಿ ಬೆಳಕು ಬಿದ್ದಾಗ ಆರೋಗ್ಯವಂತ ಅಂಗಾಂಶ ಹಸಿರಾಗಿ ಹೊಳೆಯುತ್ತದೆ, ರೋಗಗ್ರಸ್ತ ಭಾಗದಲ್ಲಿ ಆ ಹೊಳಪು ಕುಂದುತ್ತದೆ.

ಸ್ಪರ್ಶ ಅಂತರ್ದರ್ಶನ: ಅರಿವಳಿಕೆ ನೀಡಿ, ಮೆಥಿಲೀನ್ ಬ್ಲೂ ಬಣ್ಣ ಹಚ್ಚಿ, ಮಸೂರವನ್ನು ಪೊರೆಗೆ ತಾಗಿಸಿ 60 ಅಥವಾ 150 ಪಟ್ಟು ಹಿಗ್ಗಿಸಿ ಜೀವಕೋಶಗಳನ್ನು ನೋಡಲಾಗುತ್ತದೆ.

ಮಿತಿಗಳು

ಈ ಚಿತ್ರಗಳಾವುವೂ ಅಂತಿಮ ತೀರ್ಪಲ್ಲ. ದಪ್ಪನಾದ ಬಿಳಿ ಮಚ್ಚೆ ತನ್ನಡಿಯ ರಕ್ತನಾಳಗಳನ್ನು ಮುಚ್ಚಿಬಿಡುತ್ತದೆ. ಉರಿಯೂತ, ವೈರಾಣುವಿನಿಂದಾಗುವ ನರಹುಲಿಯಂತಹ ಬೆಳವಣಿಗೆ ಮತ್ತು ಹಿಂದಿನ ವಿಕಿರಣ ಚಿಕಿತ್ಸೆಯ ಪರಿಣಾಮಗಳು ಕ್ಯಾನ್ಸರಿನಂತೆಯೇ ತೋರಬಹುದು. ಆದ್ದರಿಂದ ಶಂಕಿತ ಭಾಗದ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಬಯಾಪ್ಸಿಯೇ ರೋಗನಿರ್ಣಯಕ್ಕೆ ಆಧಾರ. ಚೂರನ್ನು ಎಲ್ಲಿಂದ ತೆಗೆಯಬೇಕು, ಗಡ್ಡೆಯ ಅಂಚು ಎಲ್ಲಿದೆ ಎಂಬುದನ್ನು ತೋರಿಸುವುದು ಚಿತ್ರಣದ ಕೆಲಸ.

ಕರ್ನಾಟಕದಲ್ಲಿ

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಆರಂಭವಾದ ಕ್ಯಾನ್ಸರ್ ಚಿಕಿತ್ಸಾ ಕೇಂದ್ರ. ಬೆಂಗಳೂರಿನ ಜನಸಂಖ್ಯಾ ಆಧಾರಿತ ಕ್ಯಾನ್ಸರ್ ನೋಂದಣಿ 1982ರಿಂದ ಇಲ್ಲಿ ನಡೆಯುತ್ತಿದೆ. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಧ್ವನಿ ದೋಷಗಳ ಪರೀಕ್ಷೆ ಮತ್ತು ತರಬೇತಿಗೆ ಹೆಸರಾಗಿದೆ. ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲುವಿನಂತಹ ಊರುಗಳವರಿಗೆ ಬೆಂಗಳೂರಿನ ಆಸ್ಪತ್ರೆಗಳು ಒಂದು ದಿನದಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿವೆ. ಮೊದಲ ಪರೀಕ್ಷೆಗೆ ದುಬಾರಿ ಯಂತ್ರವೇನೂ ಬೇಕಿಲ್ಲ. ಕಿವಿ, ಮೂಗು, ಗಂಟಲು ತಜ್ಞರು ಗಾರ್ಸಿಯಾನ ಕಾಲದ ಕನ್ನಡಿಯನ್ನು ಇಂದಿಗೂ ಬಳಸುತ್ತಾರೆ; ಅದರಲ್ಲಿ ಸಂದೇಹ ಕಂಡುಬಂದರೆ ಮುಂದಿನ ಪರೀಕ್ಷೆಗಳಿಗೆ ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತಾರೆ.