ನಿಜ ಹೇಳುವ ದನಿ

ಮೊನ್ನೆ ಮೊಮ್ಮಗಳು ಮುಖ ಊದಿಸಿಕೊಂಡು ಶಾಲೆಯಿಂದ ಬಂದಳು. ಗೆಳತಿ ಬರೆದ ಹಸುವಿನ ಚಿತ್ರ ನೋಡಿ ಇವಳು ಎಲ್ಲರೆದುರಿಗೆ, "ಇದು ಹಸು ಅಲ್ಲ, ನಾಯಿ ಥರ ಇದೆ" ಅಂದಳಂತೆ. ತರಗತಿಯೆಲ್ಲ ನಕ್ಕಿತು, ಗೆಳತಿ ಅತ್ತಳು. "ಸುಳ್ಳು ಹೇಳಬಾರದು ಅಂತ ನೀವೇ ತಾನೇ ಹೇಳೋದು ತಾತ? ನಾನು ನಿಜಾನೇ ಹೇಳಿದ್ದು!" ಎಂದು ನನ್ನನ್ನೇ ದಬಾಯಿಸಿದಳು. ನನಗೆ ನನ್ನದೇ ಹಳೆಯ ತಪ್ಪೊಂದು ನೆನಪಾಯಿತು.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಒಂದು ಸಂತೆಯ ದಿನ ಕ್ಯಾಶ್ ಕೌಂಟರಿನ ಮುಂದೆ ಉದ್ದನೆಯ ಸಾಲು. ತರಕಾರಿ ಮಾರುವ ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ ಹಣ ಕೊಟ್ಟರು. ಎಣಿಸುವಾಗ 500 ರೂಪಾಯಿಯ ಒಂದು ನೋಟು ಬೆರಳಿಗೆ ತೀರಾ ನುಣುಪೆನಿಸಿತು. ಬೆಳಕಿಗೆ ಹಿಡಿದೆ. ಖಾಲಿ ಜಾಗದಲ್ಲಿ ಕಾಣಬೇಕಾದ ಗಾಂಧೀಜಿಯ ಮುಖ ಸರಿಯಾಗಿ ಮೂಡಿರಲಿಲ್ಲ.

"ಏನಜ್ಜಿ, ಇದು ಖೋಟಾ ನೋಟು!" ಎಂದು ಗಟ್ಟಿಯಾಗಿ ಅಂದುಬಿಟ್ಟೆ. ಸಾಲಿನವರೆಲ್ಲ ಅವರನ್ನೇ ನೋಡಿದರು. "ಯಾರೋ ಕೊಟ್ಟದ್ದು ಸ್ವಾಮಿ, ನಾನು ಕಳ್ಳಿ ಅಲ್ಲ" ಎನ್ನುವಾಗ ಅಜ್ಜಿಯ ಕೈ ನಡುಗುತ್ತಿತ್ತು. ನಾನಾಡಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೆ ಅಜ್ಜಿ ಮತ್ತೆ ನನ್ನ ಕೌಂಟರಿಗೆ ಬರಲಿಲ್ಲ. ಕ್ಷಮೆ ಕೇಳುವ ಅವಕಾಶವೂ ನನಗೆ ಸಿಗಲಿಲ್ಲ.

ಹಾಗಾದರೆ, ಪಾಪ ಎಂದು ನೋಟನ್ನು ಸುಮ್ಮನೆ ವಾಪಸು ಕೊಡಬಹುದಿತ್ತೇ? ಇಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ಖೋಟಾ ನೋಟಿಗೆ ಮುದ್ರೆ ಒತ್ತಿ, ಬ್ಯಾಂಕಿನಲ್ಲೇ ಇಟ್ಟುಕೊಂಡು, ರಸೀದಿ ಕೊಡಬೇಕು. ಬದಲಿ ಹಣ ಸಿಗುವುದಿಲ್ಲ. ಕರುಣೆಯಿಂದ ಮುಚ್ಚಿಟ್ಟಿದ್ದರೆ ಆ ನೋಟು ಇನ್ನೊಬ್ಬ ಬಡವರ ಸೆರಗಿಗೆ ಸೇರುತ್ತಿತ್ತು. ಗೊತ್ತಿದ್ದೂ ಚಲಾಯಿಸುವುದು ಅಪರಾಧ ಬೇರೆ.

ಆಮೇಲೆ ನಾನು ರೂಢಿ ಬದಲಿಸಿಕೊಂಡೆ. ಅಂಥ ನೋಟು ಬಂದರೆ ತಂದವರನ್ನು ಒಳಗೆ ಕರೆದು ಕೂರಿಸುತ್ತಿದ್ದೆ. "ಯಾರೋ ನಿಮಗೆ ಮೋಸ ಮಾಡಿರಬೇಕು" ಎಂದು ಮೆಲ್ಲಗೆ ಹೇಳಿ, ಅವರೆದುರಿಗೇ ಮುದ್ರೆ ಒತ್ತಿ, ಒಳ್ಳೆಯ ನೋಟನ್ನು ಗುರುತಿಸುವ ಬಗೆ ತೋರಿಸುತ್ತಿದ್ದೆ. ದುಡ್ಡು ಆಗಲೂ ಹೋಗುತ್ತಿತ್ತು, ಮಾನ ಉಳಿಯುತ್ತಿತ್ತು.

ಇದನ್ನೆಲ್ಲ ಕೇಳಿದ ಮೊಮ್ಮಗಳು, "ಹಾಗಾದ್ರೆ ಚಿತ್ರ ಚೆನ್ನಾಗಿದೆ ಅನ್ನಬೇಕಿತ್ತಾ?" ಎಂದಳು.

"ಬೇಡ ಪುಟ್ಟಿ. ಅದರಲ್ಲಿ ಏನು ಚೆನ್ನಾಗಿತ್ತು?"

"ಕಣ್ಣು."

"ಮೊದಲು ಅದನ್ನ ಹೇಳು, ಅದೂ ನಿಜವೇ. ಆಮೇಲೆ ನೀವಿಬ್ಬರೇ ಇದ್ದಾಗ, ಕೊಂಬು ಬರೆಯೋಣವಾ ಅಂತ ಕೇಳು."

ಮರುದಿನ ಬಣ್ಣದ ಪೆನ್ಸಿಲ್ ಡಬ್ಬಿ ತೆಗೆದುಕೊಂಡು ಹೋದಳು. ಸಂಜೆ ಬಂದವಳೇ, "ಅವಳು ಇನ್ನೂ ಮಾತಾಡ್ತಿಲ್ಲ ತಾತ. ಆದ್ರೆ ಪೆನ್ಸಿಲ್ ಇಸ್ಕೊಂಡಳು" ಎಂದಳು.