ಮನೆಯ ಟೆಲಿಫೋನಿಗೊಂದು ಹೊಸ್ತಿಲು

ಹಿಂದೆ ನಮ್ಮ ಊರುಗಳಲ್ಲಿ ಮನೆಗೆ ಬರುವವರಿಗೆಲ್ಲ ಒಂದು ಕ್ರಮವಿದ್ದಿತು. ಬಳೆಗಾರನು ಜಗುಲಿಯವರೆಗೆ ಬರುತ್ತಿದ್ದನು. ಕೊಬ್ಬರಿಯ ವ್ಯಾಪಾರಿಯು ಜಗುಲಿಯ ಮೇಲೆಯೇ ಕುಳಿತು ಧಾರಣೆಯ ಮಾತನ್ನಾಡಿ ಹೊರಡುತ್ತಿದ್ದನು. ನೆಂಟರಿಷ್ಟರು ಮಾತ್ರ ಕಾಲು ತೊಳೆದು ಒಳಕ್ಕೆ ಬರುತ್ತಿದ್ದರು. ‘ಈ ಹೊತ್ತು ಏನೂ ಬೇಡಪ್ಪ’ ಎಂದರೆ ಮಾರುವವನು ಗಂಟು ಕಟ್ಟಿಕೊಂಡು ಮುಂದಿನ ಮನೆಗೆ ಹೋಗುತ್ತಿದ್ದನಲ್ಲದೆ, ಅಡಿಗೆಯ ಮನೆಗೆ ನುಗ್ಗುತ್ತಿರಲಿಲ್ಲ. ಇಂದಾದರೋ ಪ್ರತಿಯೊಬ್ಬರ ಕೈಯಲ್ಲಿಯೂ ಮೊಬೈಲೆಂಬ ಒಂದೊಂದು ಬಾಗಿಲಿದೆ, ಅದಕ್ಕೆ ಹೊಸ್ತಿಲಿಲ್ಲ. ಎಲೆಯ ಮುಂದೆ ಕುಳಿತಿರುವಾಗ, ಮಗುವನ್ನು ಮಲಗಿಸುತ್ತಿರುವಾಗ, ದೇವರಿಗೆ ದೀಪ ಹಚ್ಚುತ್ತಿರುವಾಗ ಅದು ಕೂಗುತ್ತದೆ. ಕೈ ಒರೆಸಿಕೊಂಡು ಓಡಿಬಂದರೆ, ಅಪರಿಚಿತ ದನಿಯೊಂದು ಸಾಲ ಬೇಕೆ, ವಿಮೆ ಬೇಕೆ, ನಿವೇಶನ ಬೇಕೆ ಎಂದು ಕೇಳುತ್ತದೆ.

ಇದು ಬರಿಯ ಬೇಸರದ ಸಂಗತಿಯೆಂದು ನಾವೂ ಬಹುಕಾಲ ಎಣಿಸಿದ್ದೆವು. ಅರಸೀಕೆರೆಯಲ್ಲಿರುವ ನಮ್ಮ ಬಂಧುಗಳೊಬ್ಬರ ಅನುಭವವು ಆ ಎಣಿಕೆಯನ್ನು ತಿದ್ದಿತು. ಅವರು ತೆಂಗಿನ ತೋಟದವರು, ಎಪ್ಪತ್ತನ್ನು ದಾಟಿದವರು. ದಿನಕ್ಕೆ ಏಳೆಂಟು ಇಂತಹ ಕರೆಗಳು ಬಂದು ಬಂದು, ಕೊನೆಗೆ ಗುರುತಿಲ್ಲದ ಸಂಖ್ಯೆಯೆಂದರೆ ತೆಗೆಯುವುದೇ ಇಲ್ಲವೆಂದು ಅವರು ನಿಶ್ಚಯಿಸಿಬಿಟ್ಟರು. ಒಂದು ರಾತ್ರಿ ಹಳೇಬೀಡಿನಲ್ಲಿದ್ದ ಅವರ ತಂಗಿಗೆ ಎದೆನೋವು ಕಾಣಿಸಿಕೊಂಡು, ಹಾಸನದ ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಆಕೆಯ ಮಗನು, ತನ್ನ ಮೊಬೈಲು ಆರಿಹೋಗಿದ್ದುದರಿಂದ, ಅಲ್ಲಿದ್ದ ಬೇರೊಬ್ಬರ ಮೊಬೈಲಿನಿಂದ ಸೋದರಮಾವನಿಗೆ ಮೂರು ಸಲ ಕರೆ ಮಾಡಿದನು. ಹೊಸ ಸಂಖ್ಯೆ, ಯಜಮಾನರು ತೆಗೆಯಲಿಲ್ಲ. ಸುದ್ದಿ ತಿಳಿದುದು ಮರುದಿನ ಬೆಳಗ್ಗೆ. ದೈವಕೃಪೆಯಿಂದ ಆಕೆ ಗುಣ ಹೊಂದಿ ಮನೆಗೆ ಬಂದರು. ಆದರೆ ರಾತ್ರಿಯೆಲ್ಲ ‘ಅಣ್ಣಯ್ಯ ಬಂದನೆ?’ ಎಂದು ಆಕೆ ಕೇಳುತ್ತಿದ್ದರೆಂಬ ಮಾತು ಆ ಹಿರಿಯರನ್ನು ಇಂದಿಗೂ ಬಿಟ್ಟಿಲ್ಲ. ಬೇಡದ ಕರೆಗಳಿಂದಾಗುವ ನಿಜವಾದ ನಷ್ಟವು ಇದೇ: ಬೇಕಾದ ಕರೆಗೂ ನಮ್ಮ ಕಿವಿ ಮುಚ್ಚಿಹೋಗುತ್ತದೆ.

ಇವರಿಗೆ ನಮ್ಮ ಸಂಖ್ಯೆಯು ದೊರೆಯುವುದಾದರೂ ಹೇಗೆ? ಅನೇಕ ವೇಳೆ ನಾವೇ ಕೊಟ್ಟಿರುತ್ತೇವೆ. ಬೇಲೂರಿನ ನಮ್ಮ ಪರಿಚಿತ ಗೃಹಿಣಿಯೊಬ್ಬರು ಸೀರೆ ಕೊಂಡಾಗ, ಬಹುಮಾನದ ಚೀಟಿಯೆಂದು ಕೊಟ್ಟ ಕಾಗದದ ಮೇಲೆ ತಮ್ಮ ಹೆಸರನ್ನೂ ಮೊಬೈಲಿನ ಸಂಖ್ಯೆಯನ್ನೂ ಬರೆದು ಡಬ್ಬಿಗೆ ಹಾಕಿದರು. ಬಹುಮಾನವು ಬರಲಿಲ್ಲ; ಕರೆಗಳು ಬಂದವು. ಅಂಗಡಿಯ ರಸೀತಿ, ಜಾತ್ರೆಯ ಮಳಿಗೆ, ಮೊಬೈಲಿನೊಳಗಣ ಆಟ, ಎಲ್ಲವೂ ಸಂಖ್ಯೆಯನ್ನು ಕೇಳುತ್ತವೆ. ಕೇಳಿದಲ್ಲೆಲ್ಲ ಕೊಡಬೇಕೆಂಬ ನಿರ್ಬಂಧವೇನೂ ಇಲ್ಲವೆಂಬುದನ್ನು ಮನೆಯವರೆಲ್ಲರೂ ಅರಿತಿರುವುದು ಒಳ್ಳೆಯದು.

ಈ ಉಪದ್ರವವನ್ನು ಸರಕಾರವು ಕಂಡಿಲ್ಲವೆನ್ನುವಂತಿಲ್ಲ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ೨೦೦೭ರಲ್ಲಿಯೇ, ವ್ಯಾಪಾರದ ಕರೆಗಳು ಬೇಡವೆನ್ನುವವರಿಗಾಗಿ ಒಂದು ಪಟ್ಟಿಯನ್ನು ಏರ್ಪಡಿಸಿತು. ೨೦೧೦ರಲ್ಲಿಯೂ ೨೦೧೮ರಲ್ಲಿಯೂ ನಿಯಮಗಳನ್ನು ಹೊಸದಾಗಿ ರಚಿಸಿತು. ೨೦೨೫ರ ಫೆಬ್ರವರಿಯಲ್ಲಿ ಅವುಗಳನ್ನು ಇನ್ನಷ್ಟು ಬಿಗಿಗೊಳಿಸಿತು. ಕ್ರಮವರಿತು ವ್ಯಾಪಾರ ಮಾಡುವವರ ಪ್ರಚಾರದ ಕರೆಗಳು ೧೪೦ ಎಂಬ ಅಂಕಿಗಳಿಂದ ಮೊದಲಾಗತಕ್ಕದ್ದು. ಬ್ಯಾಂಕು ಮುಂತಾದವುಗಳ ಸೇವೆಯ ಕರೆಗಳಿಗೆ ೧೬೦೦ರಿಂದ ಮೊದಲಾಗುವ ಸಂಖ್ಯೆಗಳನ್ನು ಗೊತ್ತುಮಾಡಿದ್ದಾರೆ. ಈ ಕಟ್ಟಳೆಗೆ ಒಳಪಡದೆ, ನಮ್ಮ ನಿಮ್ಮ ಸಂಖ್ಯೆಗಳಂತಹ ಸಾಧಾರಣವಾದ ಹತ್ತು ಅಂಕಿಯ ಸಂಖ್ಯೆಗಳಿಂದ ಕರೆಯುವವರೇ ಹೆಚ್ಚಿನ ತೊಂದರೆಯ ಜನ.

ಗೃಹಸ್ಥರು ಮಾಡತಕ್ಕುದು ಸುಲಭವಾಗಿದೆ. ಮನೆಯ ಪ್ರತಿಯೊಂದು ಮೊಬೈಲಿನಿಂದಲೂ ೧೯೦೯ ಎಂಬ ಸಂಖ್ಯೆಗೆ ಕರೆ ಮಾಡಿ, ಪ್ರಚಾರದ ಕರೆಗಳು ಬೇಡವೆಂದು ಬರೆಯಿಸಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ‘ಸ್ಟಾರ್ಟ್’ ಎಂದು ಬರೆದು, ಸ್ವಲ್ಪ ಜಾಗ ಬಿಟ್ಟು, ಸೊನ್ನೆಯನ್ನು ಸೇರಿಸಿ ಅದೇ ಸಂಖ್ಯೆಗೆ ಸಂದೇಶವನ್ನು ಕಳುಹಿಸಿದರೂ ಆಗುತ್ತದೆ. ಎಲ್ಲವೂ ಬೇಡವೆನ್ನದೆ, ಸಾಲ ವಿಮೆಗಳು ಮಾತ್ರ ಬೇಡ, ನಿವೇಶನದ ಮಾತು ಮಾತ್ರ ಬೇಡ ಎಂದು ಆರಿಸಿಕೊಳ್ಳುವ ಅವಕಾಶವೂ ಉಂಟು. ಬ್ಯಾಂಕಿನ ಲೆಕ್ಕದ ಸಂದೇಶಗಳು ಇದರಿಂದ ನಿಲ್ಲುವುದಿಲ್ಲವಾದ್ದರಿಂದ ಅಂಜಬೇಕಾದುದಿಲ್ಲ.

ಅನಂತರವೂ ಕರೆ ಬಂದರೆ, ಬಂದ ಏಳು ದಿನಗಳೊಳಗಾಗಿ ಅದೇ ೧೯೦೯ಕ್ಕೆ ದೂರು ಕೊಡಬೇಕು. ಕರೆದ ಸಂಖ್ಯೆ, ತಾರೀಖು, ಏನನ್ನು ಕುರಿತ ಮಾತು ಎಂಬ ಮೂರೂ ಇದ್ದರೆ ಸಾಕು. ಆದಕಾರಣ ಗೋಡೆಯ ಪಂಚಾಂಗದ ಬಳಿಯಲ್ಲಿ ಒಂದು ಸಣ್ಣ ಪುಸ್ತಕವನ್ನು ತೂಗುಹಾಕಿಕೊಂಡಿರುವುದು ಲೇಸು. ಅಧಿಕೃತವಾಗಿ ಹೆಸರು ಬರೆಯಿಸಿಕೊಳ್ಳದ ವ್ಯಾಪಾರಿಗಳ ಮೇಲಣ ದೂರಿಗೆ ಐದು ದಿನಗಳಲ್ಲಿ ಕ್ರಮ ಕೈಕೊಳ್ಳಬೇಕೆಂದು ೨೦೨೫ರ ತಿದ್ದುಪಡಿಯು ವಿಧಿಸಿದೆ. ಮೊದಲು ಮೂವತ್ತು ದಿನಗಳ ಗಡುವಿದ್ದಿತು. ಒಬ್ಬರ ದೂರಿನಿಂದ ಏನಾದೀತು ಎನ್ನಬಾರದು. ಹತ್ತು ದಿನಗಳಲ್ಲಿ ಐದು ದೂರುಗಳು ಬಂದರೆ ಅಂತಹ ಸಂಖ್ಯೆಯ ಮೇಲೆ ಕ್ರಮ ನಡೆಯುವಂತಾಗಿದೆ. ಆ ಐದರಲ್ಲಿ ನಮ್ಮದೂ ಒಂದಾಗಲಿ.

ಮಾರುವವರ ಕರೆ ಬೇರೆ, ಮೋಸಗಾರರ ಕರೆ ಬೇರೆ. ಪೊಲೀಸರೆಂದು ಹೇಳಿಕೊಂಡು, ‘ಡಿಜಿಟಲ್ ಅರೆಸ್ಟ್’ ಮಾಡಿದ್ದೇವೆಂದು ಹೆದರಿಸುವವರೂ ಇದ್ದಾರೆ. ಅಂತಹ ಬಂಧನವು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಗುಪ್ತಸಂಖ್ಯೆಯನ್ನು ಕೇಳುವವರು ಯಾರೇ ಆಗಲಿ, ಕೊಡಲಾಗದು. ಹಣ ಹೋದುದು ತಿಳಿದ ಕೂಡಲೆ, ನಾಚಿಕೆಯಿಂದ ಮುಚ್ಚಿಡದೆ, ೧೯೩೦ಕ್ಕೆ ತಿಳಿಸಬೇಕು. ತಡಮಾಡಿದಷ್ಟೂ ಹಣ ಹಿಂದಿರುಗುವ ಆಸೆ ಕಡಿಮೆಯಾಗುತ್ತದೆ.

ಇನ್ನೊಂದು ಮಾತು. ಕರೆ ಮಾಡುವ ಹುಡುಗ ಹುಡುಗಿಯರು ಬಹುಮಟ್ಟಿಗೆ ಸಂಬಳಕ್ಕಾಗಿ ದುಡಿಯುವ ಮಕ್ಕಳು. ನಮ್ಮ ಸೀಮೆಯಿಂದ ಬೆಂಗಳೂರಿಗೆ ಹೋದವರೂ ಅವರಲ್ಲಿ ಇರಬಹುದು. ಅವರನ್ನು ಬೈದರೆ ಕಂಪನಿಗೆ ಏನೂ ತಟ್ಟುವುದಿಲ್ಲ. ನಮ್ಮ ಬಾಯಿ ಕೆಡುತ್ತದೆ, ಕೇಳುವ ನಮ್ಮ ಮಕ್ಕಳೂ ಅದನ್ನೇ ಕಲಿಯುತ್ತಾರೆ. ‘ಬೇಡ, ಇನ್ನು ಕರೆಯಬೇಡಿ’ ಎಂದು ಒಂದೇ ಮಾತಿನಲ್ಲಿ ಹೇಳಿ ಇಟ್ಟುಬಿಡುವುದೇ ಮರ್ಯಾದೆ. ಕೋಪವನ್ನು ೧೯೦೯ಕ್ಕೆ ಬರೆದು ಕಳುಹಿಸೋಣ.

ಅರಸೀಕೆರೆಯ ಆ ಮನೆಯಲ್ಲಿ ಈಗ ಒಂದು ಕಟ್ಟು ಮಾಡಿಕೊಂಡಿದ್ದಾರೆ. ಮನೆಯವರು ಬೇರೊಬ್ಬರ ಮೊಬೈಲಿನಿಂದ ಕರೆಯಬೇಕಾಗಿ ಬಂದರೆ, ಮೊದಲು ತಮ್ಮ ಹೆಸರನ್ನು ಬರೆದು ಒಂದು ಸಂದೇಶವನ್ನು ಕಳುಹಿಸಿ ಆಮೇಲೆ ಕರೆಯತಕ್ಕದ್ದು. ಎರಡು ಸಲ ಒಂದೇ ಸಂಖ್ಯೆಯಿಂದ ಕರೆ ಬಂದರೆ, ಅದು ಯಾರದೇ ಆಗಲಿ, ತೆಗೆಯತಕ್ಕದ್ದು.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಾಗಿಲುಗಳಲ್ಲಿ ಮೈತುಂಬ ಆಭರಣ ತೊಟ್ಟ ದ್ವಾರಪಾಲಕರು ನಿಂತಿರುವುದನ್ನು ವಾಚಕರು ನೋಡಿರಬಹುದು. ಬಾಗಿಲನ್ನು ಮುಚ್ಚಿಬಿಡುವುದು ದ್ವಾರಪಾಲಕರ ಕೆಲಸವಲ್ಲ. ಯಾರನ್ನು ಒಳಕ್ಕೆ ಬಿಡಬೇಕೆಂಬುದನ್ನು ಅರಿತು ಬಾಗಿಲನ್ನು ಕಾಯುವುದು. ನಮ್ಮ ಮನೆಯ ಈ ಹೊಸ ಬಾಗಿಲಿಗೂ ಅಂತಹ ಕಾವಲು ಬೇಕಾಗಿದೆ. ಅದು ಬಲವಾಗಿದ್ದರೆ, ನಡುರಾತ್ರಿಯಲ್ಲಿ ತಂಗಿಯೊಬ್ಬಳು ಕೂಗಿದಾಗ ಅಣ್ಣನಿಗೆ ಕೇಳಿಸೀತು.