ಗಿಟಾರಿನ ದನಿ ಹುಟ್ಟುವುದು ಪಿಕಪ್‌ನಲ್ಲಿ: ಕೊಳ್ಳುವ ಮುನ್ನ ಕೇಳಿ ನೋಡಿ

ಹಾವೇರಿ: ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಭಾಗದ ಯುವಕರು ಎಲೆಕ್ಟ್ರಿಕ್ ಗಿಟಾರ್ ಕೊಳ್ಳಬೇಕಾದರೆ ಸಾಮಾನ್ಯವಾಗಿ ಹುಬ್ಬಳ್ಳಿ ಅಥವಾ ದಾವಣಗೆರೆಯ ಬಸ್ ಹತ್ತುತ್ತಾರೆ; ಇಲ್ಲವೇ ಅಂತರ್ಜಾಲದಲ್ಲಿ ಚಿತ್ರ ನೋಡಿ ತರಿಸಿಕೊಳ್ಳುತ್ತಾರೆ. ಬಣ್ಣ, ಆಕಾರ, ಬೆಲೆ ಈ ಮೂರನ್ನೂ ವಿಚಾರಿಸುವವರು ತಂತಿಯ ಕೆಳಗಿರುವ ಪಿಕಪ್‌ನ ಬಗ್ಗೆ ಕೇಳುವುದು ವಿರಳ. ಆದರೆ ವಾದ್ಯದ ದನಿಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದೇ.

ಪಿಕಪ್ ಎಂದರೆ ಅಯಸ್ಕಾಂತಕ್ಕೆ ತಲೆಗೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿ. ಮೇಲಿನ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅಲುಗಿ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ತ್ವವೇ ಇದು. ನೈಲಾನ್ ತಂತಿಯ ಗಿಟಾರಿಗೆ ಈ ಪಿಕಪ್ ಕೆಲಸಕ್ಕೆ ಬಾರದಿರಲು ಕಾರಣವೂ ಇದೇ.

ಮುಖ್ಯವಾಗಿ ಎರಡು ಬಗೆಗಳಿವೆ. ಒಂದೇ ಸುರುಳಿಯುಳ್ಳ ಸಿಂಗಲ್ ಕಾಯಿಲ್ ಹಳೆಯದು. 1954ರಲ್ಲಿ ಬಂದ ಫೆಂಡರ್ ಸ್ಟ್ರಾಟೊಕ್ಯಾಸ್ಟರ್‌ನಲ್ಲಿ ಇಂಥ ಮೂರು ಇದ್ದವು. ಇದರ ದನಿ ತಿಳಿಯಾಗಿ, ಚುರುಕಾಗಿ ಕೇಳುತ್ತದೆ. ಬೆರಳಿನ ಒತ್ತು ಸ್ವಲ್ಪ ಬದಲಾದರೂ ಗೊತ್ತಾಗುತ್ತದೆ. ದೋಷವೆಂದರೆ ಸುತ್ತಲಿನ ವಿದ್ಯುತ್ತಿನ ಗುಂಯ್‌ಗುಟ್ಟುವಿಕೆಯನ್ನೂ ಅದು ಹಿಡಿದುಬಿಡುತ್ತದೆ. ನಮ್ಮಲ್ಲಿ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆಗಿರುವುದರಿಂದ ಆ ಸದ್ದು ತಗ್ಗಿನ ಸ್ವರದಲ್ಲಿ ನಿರಂತರವಾಗಿ ಕೇಳುತ್ತದೆ. ಜಾತ್ರೆ, ಗಣೇಶೋತ್ಸವದ ವೇದಿಕೆಗಳಲ್ಲಿ ದೀಪದ ಸರಮಾಲೆ, ಡಿಮ್ಮರ್, ಜನರೇಟರ್‌ಗಳ ನಡುವೆ ನಿಂತ ವಾದಕನಿಗೆ ಇದು ಸಣ್ಣ ತೊಂದರೆಯಲ್ಲ.

ಈ ಸದ್ದಿಗೆ ಪರಿಹಾರವಾಗಿ ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಸಲ್ಲಿಸಿದ ಹಂಬಕರ್ 1957ರ ಹೊತ್ತಿಗೆ ಗಿಟಾರುಗಳಲ್ಲಿ ಬಂದಿತು. ಇದರಲ್ಲಿ ಅಕ್ಕಪಕ್ಕದ ಎರಡು ಸುರುಳಿಗಳಿರುತ್ತವೆ. ಒಂದರ ಸುತ್ತು ಮತ್ತು ಕಾಂತಧ್ರುವ ಎರಡೂ ಇನ್ನೊಂದಕ್ಕೆ ವಿರುದ್ಧ. ಹೊರಗಿನ ಸದ್ದು ಎರಡರಲ್ಲೂ ಎದುರುಬದುರಾಗಿ ಬಂದು ಅಳಿಯುತ್ತದೆ. ತಂತಿಯ ದನಿ ಮಾತ್ರ ಕೂಡಿಕೊಂಡು ದಪ್ಪವಾಗುತ್ತದೆ. ಮೇಲಿನ ಸ್ವರಗಳ ಹೊಳಪು ತುಸು ಕಡಿಮೆಯಾಗುವುದು ಇದಕ್ಕೆ ತೆರುವ ಬೆಲೆ.

ಆದ್ದರಿಂದ ನುಡಿಸುವ ಬಗೆ ಯಾವುದೆಂದು ಮೊದಲು ತಿಳಿದಿರಬೇಕು. ರಾಕ್, ಮೆಟಲ್‌ನಂತೆ ದನಿಯನ್ನು ಒಡೆದು ಗಡುಸಾಗಿಸುವವರಿಗೆ ಹಂಬಕರ್ ಲೇಸು, ಏಕೆಂದರೆ ಡಿಸ್ಟಾರ್ಷನ್ ಹೆಚ್ಚಿಸಿದಂತೆ ಗುಂಯ್ ಸದ್ದೂ ಅಷ್ಟೇ ಬೆಳೆಯುತ್ತದೆ. ಹಾಡಿಗೆ ಹಿನ್ನೆಲೆಯಾಗಿ ತೆಳುವಾಗಿ ಮೀಟುವವರಿಗೆ ಸಿಂಗಲ್ ಕಾಯಿಲ್ ಹಿಡಿಸೀತು. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಸಂತ ಷರೀಫರ ಪದಗಳು ಇಂದು ತಂಬೂರಿಯ ಜತೆ ಬ್ಯಾಂಡ್‌ಗಳ ಗಿಟಾರಿಗೂ ಬಂದಿವೆ. ರಘು ದೀಕ್ಷಿತ್ ಅವರ 2008ರ ಆಲ್ಬಂನಲ್ಲೇ ಅವು ಇದ್ದವು. ಮಾತೇ ಮುಖ್ಯವಾದ ಅಂಥ ಪದಕ್ಕೆ ದಪ್ಪ ದನಿ ಅಡ್ಡ ಬರುವ ಸಂಭವ ಹೆಚ್ಚು. ಆರ್ಕೆಸ್ಟ್ರಾದಲ್ಲಿ ಒಂದೇ ರಾತ್ರಿ ಭಾವಗೀತೆ, ಸಿನಿಮಾ ಹಾಡು, ಡಾನ್ಸ್ ಹಾಡು ಮೂರನ್ನೂ ನುಡಿಸುವವರಿಗೆ ಬ್ರಿಜ್ ಬಳಿ ಒಂದು ಹಂಬಕರ್, ಉಳಿದೆಡೆ ಎರಡು ಸಿಂಗಲ್ ಕಾಯಿಲ್ ಇರುವ ಗಿಟಾರೇ ಅನುಕೂಲ. ಅಂಗಡಿಯವರು ಅದನ್ನು ಎಚ್‌ಎಸ್‌ಎಸ್ ಎನ್ನುತ್ತಾರೆ.

ಪಿಕಪ್ ಇರುವ ಜಾಗವೂ ಮುಖ್ಯ. ಬ್ರಿಜ್ ಬಳಿ ತಂತಿಯ ತೊನೆತ ಕಿರಿದಾದ್ದರಿಂದ ದನಿ ತೀಕ್ಷ್ಣ. ಕತ್ತಿನ ಬಳಿ ಹಿರಿದಾದ್ದರಿಂದ ದುಂಡು, ಮೃದು. ಪಿಕಪ್‌ನ ಸ್ಕ್ರೂ ತಿರುಗಿಸಿ ಎತ್ತರ ಬದಲಿಸಬಹುದು. ಜೋರು ದನಿಯ ಆಸೆಗೆ ತಂತಿಗೆ ತೀರಾ ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನು ಸೆಳೆದು ಸ್ವರ ಕೆಡುತ್ತದೆ, ನಾದ ಬೇಗ ಸಾಯುತ್ತದೆ. ದನಿ ಹಿಡಿಸಲಿಲ್ಲವೆಂದು ಹೊಸ ಪಿಕಪ್ ಕೊಳ್ಳುವ ಮುನ್ನ ಈ ಸ್ಕ್ರೂ ತಿರುಗಿಸಿ ನೋಡುವುದು ಜಾಣತನ, ಖರ್ಚಂತೂ ಇಲ್ಲ.

ಅಂಗಡಿಯಲ್ಲಿ ಪರೀಕ್ಷಿಸುವಾಗ ಎಫೆಕ್ಟ್ ಎಲ್ಲವನ್ನೂ ಆರಿಸಲು ಹೇಳಬೇಕು. ಎಫೆಕ್ಟ್‌ನ ಹೊದಿಕೆಯಲ್ಲಿ ಎಲ್ಲ ಗಿಟಾರೂ ಚೆಂದವೇ. ಸ್ವಿಚ್ಚಿನ ಪ್ರತಿ ಸ್ಥಾನದಲ್ಲೂ ನುಡಿಸಿ, ವಾದ್ಯ ಹಿಡಿದು ನಿಂತಲ್ಲೇ ಒಂದು ಸುತ್ತು ತಿರುಗಿದರೆ ಗುಂಯ್ ಸದ್ದು ಎಷ್ಟೆಂಬುದು ತಿಳಿದುಬಿಡುತ್ತದೆ. ಇದ್ದ ಹಣವನ್ನೆಲ್ಲ ಗಿಟಾರಿಗೇ ಸುರಿಯದೆ ಆ್ಯಂಪ್ಲಿಫೈಯರ್ ಮತ್ತು ಒಳ್ಳೆಯ ಕೇಬಲ್‌ಗೆ ಒಂದಿಷ್ಟು ಉಳಿಸಿಕೊಳ್ಳಬೇಕಾಗುತ್ತದೆ.

ಯಾವ ಪಿಕಪ್ಪೂ ಸರಿಪಡಿಸಲಾರದ ಸಂಗತಿಯೊಂದಿದೆ: ಅರ್ಥಿಂಗ್. ಗಿಟಾರಿನ ತಂತಿಗಳು ಕೇಬಲ್ ಮೂಲಕ ಆ್ಯಂಪ್ಲಿಫೈಯರ್‌ನ ಲೋಹದ ಕವಚಕ್ಕೆ, ಅಲ್ಲಿಂದ ಪ್ಲಗ್ಗಿನ ಮೂರನೆಯ ಪಿನ್ನಿಗೆ ಜೋಡಣೆಯಾಗಿರುತ್ತವೆ. ತಂತಿ ಮುಟ್ಟಿದಾಗ ಸದ್ದು ಕಡಿಮೆಯಾದರೆ ಅದು ಸಹಜ. ಕೈಗೆ ಚುರ್ರೆಂದರೆ ಮಾತ್ರ ಕೂಡಲೇ ನಿಲ್ಲಿಸಬೇಕು. ಅರ್ಥಿಂಗ್ ಇಲ್ಲದ ವೇದಿಕೆಯಲ್ಲಿ ಆ್ಯಂಪ್ಲಿಫೈಯರ್ ದೋಷದಿಂದ ತಂತಿಗೆ ವಿದ್ಯುತ್ ಹರಿದಿದ್ದರೆ, ಅದನ್ನು ಹಿಡಿದು ಮೈಕ್ ಮುಟ್ಟಿದವನ ದೇಹವೇ ವಿದ್ಯುತ್ತಿಗೆ ದಾರಿಯಾಗುತ್ತದೆ. ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ವೇದಿಕೆಯ ಮೇಲೆ ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ ಮೃತಪಟ್ಟರು. ಗುಂಯ್ ಸದ್ದು ತಗ್ಗಲೆಂದು ಮೂರನೆಯ ಪಿನ್ ಮುರಿಯುವುದು ಅಥವಾ ಎರಡು ಪಿನ್ನಿನ ಪ್ಲಗ್ ಹಾಕುವುದು ಅಂಥದೇ ಸಾವಿಗೆ ದಾರಿ. ಆ್ಯಂಪ್ಲಿಫೈಯರ್ ಮತ್ತು ಮೈಕ್‌ನ ಮಿಕ್ಸರ್ ಎರಡಕ್ಕೂ ಒಂದೇ ಕಡೆಯಿಂದ, ಅರ್ಥಿಂಗ್ ಇರುವ ಬೋರ್ಡಿನಿಂದಲೇ ವಿದ್ಯುತ್ ಪಡೆಯಬೇಕು. ಆ ಸಾಲಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸುವಂತೆ ಕಾರ್ಯಕ್ರಮಕ್ಕೆ ಮುನ್ನವೇ ಎಲೆಕ್ಟ್ರಿಷಿಯನ್‌ಗೆ ತಿಳಿಸಬೇಕು.